ಬಿಳಿಗುಡ್ಡದ ಕೆಳಗೊಂದು ಲಾವಂಚದ ಬೇಲಿ

ಆ ನೆಲ ಬೆಳ್ಳಗಿತ್ತು. ಗೋಡೆಗೆ ಸುಣ್ಣ ಬಳಿದಂಥ ಬಿಳಿಯಲ್ಲ. ಗಟ್ಟಿ ಮೊಸರಿನ ಹಾಗೆ ಒಳಗಿನಿಂದಲೇ ಬಿಳಿ. ಸೇಲಂ ಊರು ದಾಟಿದ ಮೇಲೆ ಸಿಗುವ ಆ ಗುಡ್ಡವನ್ನು ನಡುಮಧ್ಯಾಹ್ನ ನೋಡಿದರೆ, ಅದು ಭೂಮಿಗೆ ತಾಗದೆ ಒಂದು ಗೇಣು ಮೇಲೆ ತೇಲುತ್ತಿರುವಂತೆ ಕಾಣುತ್ತಿತ್ತು. ಕಣ್ಣು ಕಿರಿದು ಮಾಡಿಕೊಂಡು ಸ್ವಲ್ಪ ಹೊತ್ತು ನಿಂತರೆ ನಾವೂ ತೇಲುತ್ತಿದ್ದೇವೇನೋ ಅನ್ನಿಸುತ್ತಿತ್ತು.

ಅಂಥ ಗುಡ್ಡದ ಬುಡದಲ್ಲಿ ಕಣ್ಣಿನ ಆಸ್ಪತ್ರೆ. ಯಾರೋ ಧರ್ಮಿಷ್ಠರು ಜಾಗ ಕೊಟ್ಟಿದ್ದರಂತೆ. “ಏನೂ ಬೆಳೀದ ಜಾಗ ತಂಗಚ್ಚಿ, ಅದ್ಕೇ ದರ್ಮಕ್ಕೆ ಬಂತು” ಎಂದು ನಮಗೆ ನೀರು ತರುವ ಬಂಡಿಯಣ್ಣ ನಗುತ್ತಿದ್ದ. ಮೆಟ್ಟೂರಿನಲ್ಲಿ ಅಣೆಕಟ್ಟು ಮುಗಿದು, ಜನ ಬುತ್ತಿ ಕಟ್ಟಿಕೊಂಡು ನಿಂತ ನೀರು ನೋಡಲು ಹೋಗುತ್ತಿದ್ದ ಕಾಲ ಅದು. ನಾನು ಆ ಆಸ್ಪತ್ರೆಯಲ್ಲಿ ಆಯಾ.

ಕಟ್ಟಡ ಒಂದೇ, ಉದ್ದನೆಯದು. ಪಡುವಣಕ್ಕೆ ಜಗಲಿ, ಜಗಲಿಯ ಎದುರಿಗೆ ಬರಿಯ ಬಯಲು, ಬಯಲಿನ ಆಚೆ ಗುಡ್ಡ. ಪೊರೆ ತೆಗೆದ ಮೇಲೆ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಎರಡು ಪಕ್ಕಕ್ಕೂ ಮರಳಿನ ಚೀಲ ಇಟ್ಟು, ಅಲ್ಲಾಡದಂತೆ ಮಲಗಿಸುತ್ತಿದ್ದರು. ಕೆಮ್ಮಬಾರದು, ಸೀನಬಾರದು, ಜೋರಾಗಿ ನಗಲೂ ಬಾರದು. ಹಾಗೆ ಮಲಗಿದವರಿಗೆ ಹಗಲು ಯಾವುದು ಇರುಳು ಯಾವುದು ಎಂಬುದು ತಪ್ಪಿಹೋಗುತ್ತಿತ್ತು. ಎಚ್ಚರದಲ್ಲೇ ಕನಸು ಕಾಣುತ್ತಿದ್ದರು. ಒಬ್ಬರು ಹಾಸಿಗೆಯಿಂದಲೇ ಎತ್ತಿಗೆ “ಓ, ಓ” ಅನ್ನುವರು. ಇನ್ನೊಬ್ಬರು ಎಂದೋ ಸತ್ತ ತಂಗಿಯ ಜೊತೆ ಮದುವೆ ಮಾತು ಆಡುವರು. ಗಂಜಿಯ ಬಟ್ಟಲು ಹಿಡಿದು ನಾನು ಆ ಕನಸುಗಳ ನಡುವೆ ಓಡಾಡಿಕೊಂಡಿದ್ದೆ. ಎತ್ತು ನಿಜಕ್ಕೂ ಬಂತೇನೋ ಎಂದು ಪಕ್ಕಕ್ಕೆ ಸರಿದು ನಿಂತದ್ದೂ ಉಂಟು.

ಆಡಿ ತಿಂಗಳ, ಅಂದರೆ ಆಷಾಢದ ಗಾಳಿಯೇ ನಮ್ಮ ಶತ್ರು. ಗುಡ್ಡದ ಮೇಲಿನಿಂದ ಬಿಳಿ ಧೂಳು ಎದ್ದು ಬಂದು ಪಾತ್ರೆಯೊಳಗೆ, ಹಾಸಿಗೆಯೊಳಗೆ, ಕೊನೆಗೆ ಪಟ್ಟಿಯೊಳಗೂ ಇಳಿಯುತ್ತಿತ್ತು. ನಾನು ಸೇರಿದ ವರ್ಷದ ಆಡಿಯಲ್ಲಿ ಚೆನ್ನಾಗಿ ಆಗಿದ್ದ ಕಣ್ಣುಗಳು ಕೀವು ಕಟ್ಟಿ ಹೋದವು. ಹಾಗೆ ಒಂದು ಕಣ್ಣು ಕಳೆದುಕೊಂಡವರಲ್ಲಿ ಎಡಪ್ಪಾಡಿಯ ನೇಕಾರರ ಮನೆಯ ಅಜ್ಜಿಯೊಬ್ಬಳಿದ್ದಳು. ಊರಿಗೆ ಹೊರಟಾಗ ನಾನು ಅಳುತ್ತಿದ್ದುದು ಅವಳಿಗೆ ದನಿಯಲ್ಲೇ ತಿಳಿದು, ನನ್ನ ಗಲ್ಲ ಹುಡುಕಿ ಸವರಿ, “ಇನ್ನೊಂದು ಐತಲ್ಲ, ಬುಡು ಕೂಸೆ” ಎಂದಿದ್ದಳು. ಆಮೇಲೆ ಡಾಕ್ಟರಮ್ಮ ಆಡಿ ಮುಗಿಯುವ ತನಕ ಕತ್ತಿ ಮುಟ್ಟುವುದಿಲ್ಲ ಎಂದು ವಾರ್ಡಿಗೆ ಬೀಗ ಹಾಕಿಸಿದರು.

ಡಾಕ್ಟರಮ್ಮ ಬೆಂಗಳೂರಿನಲ್ಲಿ ಬೆಳೆದವರು. ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು. ಆ ವರ್ಷ ದೀಪಾವಳಿಯ ತಿಂಗಳಾದ ಐಪ್ಪಸಿಯ ಮಳೆ ಬಿದ್ದು ನೆಲ ತಣ್ಣಗಾದ ಒಂದು ಸಂಜೆ ನನ್ನನ್ನು ಜಗಲಿಗೆ ಕರೆದರು.

“ನಿಮ್ಮಪ್ಪಂದು ಹೂವಿನ ತೋಟ ಅಂತ ಹೇಳಿದ್ದೆ ಅಲ್ವಾ?”

“ಊಂ ಡಾಕ್ಟರಮ್ಮ. ಕಂಬೈನಲ್ಲೂರು ಪಕ್ಕ, ಒಳೆ ದಂಡೇಲಿ. ಅಪ್ಪ ತೀರ್ಕಂಡ ಮ್ಯಾಲೆ ಅಣ್ಣ ನೋಡ್ಕಂತಾನೆ.”

“ಈ ಬಯಲಲ್ಲಿ ತೋಟ ಮಾಡ್ತೀಯಾ? ಧೂಳು ನಿಲ್ಲಬೇಕು. ಪಟ್ಟಿ ಬಿಚ್ಚಿದವರು ಮೊದಲು ಆ ಬಿಳಿ ಗುಡ್ಡ ನೋಡಿ ಕಣ್ಣು ಮುಚ್ಚಿಕೊಳ್ತಾರೆ, ನೀರು ಸುರಿಯುತ್ತೆ. ಅವರಿಗೆ ನೋಡೋಕೆ ಏನಾದರೂ ಹಸಿರು ಬೇಕು. ವರ್ಷ ವರ್ಷ ನೆಡೋ ಗಿಡ ಬೇಡ. ಒಂದು ಸಲ ನೆಟ್ಟರೆ ನಾನು ಇಲ್ಲಿಂದ ಹೋದ ಮೇಲೂ ಇರಬೇಕು.”

ನಾನು ಬಯಲು ನೋಡಿದೆ. ಮಳೆ ನಿಂತು ಹೊತ್ತಾಗಿದ್ದರೂ ನೀರು ಇಂಗದೆ ಅಲ್ಲಲ್ಲಿ ಕನ್ನಡಿಯಂತೆ ನಿಂತಿತ್ತು; ಪ್ರತಿ ಕನ್ನಡಿಯಲ್ಲೂ ಒಂದು ಚೂರು ಆಕಾಶ. ಅಂದಿನ ಮಟ್ಟಿಗೆ ಅದು ನನಗೆ ಕೆಟ್ಟ ನೆಲ ಅನ್ನಿಸಲಿಲ್ಲ. ಮಾಡುತ್ತೇನೆ ಎಂದೆ.

ಅಪ್ಪನ ತೋಟದಲ್ಲಿ ಹೇಗೆ ಮಾಡುತ್ತಿದ್ದೆವೋ ಹಾಗೇ ಶುರು ಮಾಡಿದೆ. ಬಂಡಿಯಣ್ಣ ಹಾರೆ ಹಾಕಿದ. ಮೇಲಿನ ಪದರ ಹೆಂಚಿನಂತೆ ಗಟ್ಟಿ, ಅದರ ಕೆಳಗೆ ಬಿಳಿ ಪುಡಿ, ಮತ್ತೆ ಅದರ ಕೆಳಗೆ ಕಲ್ಲು. ಮೊಳದುದ್ದದ ಗುಂಡಿ ತೋಡಿ, ಒಳಗಿನ ಬಿಳಿ ಮಣ್ಣು ತೆಗೆದು ಎಸೆದು, ಕೆರೆಯ ಕಡೆಯಿಂದ ಕೆಂಪು ಮಣ್ಣು ತರಿಸಿ ತುಂಬಿದೆವು. ಅದರಲ್ಲಿ ಮಲ್ಲಿಗೆ, ಕನಕಾಂಬರ, ದಾಸವಾಳ, ನಂದಿಬಟ್ಟಲು, ಒಂದೆರಡು ಕಣಗಿಲೆ. ಜಗಲಿಯ ಉದ್ದಕ್ಕೂ ಸಾಲಾಗಿ ನಿಂತ ಗಿಡ ನೋಡಲು ಡಾಕ್ಟರಮ್ಮ ಪ್ರತಿದಿನ ಬೆಳಿಗ್ಗೆ ಚಹಾದ ಲೋಟ ಹಿಡಿದು ಒಂದು ಸುತ್ತು ಬರುವರು. ಪಟ್ಟಿ ಕಟ್ಟಿದವರು ಮಲಗಿದಲ್ಲಿಂದಲೇ “ಮಲ್ಗೆ ಬುಟ್ಟೈತಾ?” ಎಂದು ಕೇಳುವರು. ಇನ್ನೂ ಇಲ್ಲ, ಇನ್ನೂ ಇಲ್ಲ ಎಂದು ಹೇಳುತ್ತಾ ಹೇಳುತ್ತಾ ಮಾರ್ಗಳಿಯ ಚಳಿಯೂ ಕಳೆಯಿತು.

ಸಂಕ್ರಾಂತಿ ಬಂದು ತೈ ತಿಂಗಳ ಹೊತ್ತಿಗೆ ಎಲೆಗಳು ಹಳದಿಯಾದವು. ನೀರು ಸಾಲದೆ ಬಾಡುವ ಎಲೆ ನನಗೆ ಗೊತ್ತು, ಇದು ಹಾಗಿರಲಿಲ್ಲ. ನರ ಮಾತ್ರ ಹಸಿರು, ನಡುವೆ ಅರಿಶಿನ. ನೀರು ಹೆಚ್ಚು ಹಾಕಿದೆ, ಇನ್ನಷ್ಟು ಹಳದಿಯಾದವು. ಕೊನೆಗೆ ಒಂದು ದಾಸವಾಳವನ್ನು ಬುಡ ಸಮೇತ ಎತ್ತಿ ನೋಡಿದೆ. ಬೇರು ಕೆಂಪು ಮಣ್ಣಿನೊಳಗೇ ಸುತ್ತಿ ಸುತ್ತಿ ಸಿಂಬಿಯಂತಾಗಿತ್ತು. ಬಿಳಿ ಮಣ್ಣು ತಾಗಿದ ಕಡೆಯೆಲ್ಲ ತುದಿ ಕಂದಿ, ಹೆದರಿ ಹಿಂದಕ್ಕೆ ತಿರುಗಿದಂತಿತ್ತು. ನೆಲದಲ್ಲಿ ನೆಟ್ಟಿದ್ದೇನೆ ಎಂದುಕೊಂಡಿದ್ದೆ. ನಿಜವಾಗಿ ಕುಂಡದಲ್ಲಿ ನೆಟ್ಟಿದ್ದೆ. ಸುತ್ತಲಿನ ಬಿಳಿಯೇ ಕುಂಡ. ನೀರು ಅದರಲ್ಲಿ ನಿಂತು ಬೇರು ಕೊಳೆಯುತ್ತಿತ್ತು.

ಬಯಲಿನಲ್ಲಿ ನಗುನಗುತ್ತಾ ಇದ್ದವು ಎರಡೇ. ಮೂಲೆಯಲ್ಲಿ ತಾನಾಗಿ ಬೆಳೆದ ಎಕ್ಕದ ಪೊದೆ, ನಾನು ನೆಟ್ಟ ಒಂದೆರಡು ಕಣಗಿಲೆ. ಹಾಗಾದರೆ ಇವನ್ನೇ ಬೇಲಿ ಮಾಡೋಣ, ಕಡ್ಡಿ ಮುರಿದು ನೆಟ್ಟರೂ ಬರುತ್ತವೆ ಎಂದುಕೊಂಡೆ. ಎಕ್ಕದ ಬೂದು ಎಲೆ ಬಿಸಿಲಿಗೆ ತಂಪಾಗಿ ಕಾಣುತ್ತಿತ್ತು. ಕಣಗಿಲೆ ಹೂ ಬಿಟ್ಟಿತ್ತು.

ಆ ವಾರವೇ ಒಂದು ಸಂಜೆ, ಒಂದು ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡಿದ್ದ ರೈತರೊಬ್ಬರು ಗಾಳಿಗೆಂದು ಬಯಲಿಗಿಳಿದು, ತಡವರಿಸಿ, ಬೀಳದಿರಲು ಎಕ್ಕದ ಕೊಂಬೆ ಹಿಡಿದುಕೊಂಡರು. ಕೊಂಬೆ ಮುರಿಯಿತು. ಅದರ ಹಾಲು ಹತ್ತಿದ ಬೆರಳಿನಿಂದಲೇ ಕಣ್ಣೊರೆಸಿಕೊಂಡರು. ಅವರ ಕೂಗಿಗೆ ವಾರ್ಡಿನಲ್ಲಿ ಮಲಗಿದವರೆಲ್ಲ ತಮ್ಮ ತಮ್ಮ ಕನಸಿನಿಂದ ಬೆಚ್ಚಿ, ಏನು ಏನು ಎಂದು ಕೈ ಚಾಚುತ್ತಿದ್ದರು. ಡಾಕ್ಟರಮ್ಮ ಅವರನ್ನು ಮಲಗಿಸಿ, ಕಾಯಿಸಿ ಆರಿಸಿದ ನೀರಿನಿಂದ ಕಣ್ಣು ತೊಳೆಯುತ್ತಲೇ ಇದ್ದರು. ನಾನು ನೀರು ಕೊಡುತ್ತಲೇ ಇದ್ದೆ. ಕಣ್ಣು ಮೋಡ ಕಟ್ಟಿದಂತಾಗಿ, ಹಲವು ದಿನದ ಮೇಲೆ ನಿಧಾನವಾಗಿ ತಿಳಿಯಾಯಿತು.

ಕೊಂಬೆ ಮುರಿದ ಮಾರನೆಯ ಬೆಳಿಗ್ಗೆ ಡಾಕ್ಟರಮ್ಮ ನನ್ನನ್ನು ಬಯ್ಯಲಿಲ್ಲ. ಗಿಡಗಳ ಮುಂದೆ ನಿಂತು ಯೋಚಿಸುತ್ತಾ ಹೇಳಿದರು: “ಹಾಲು ಬರೋ ಗಿಡ ಒಂದೂ ಬೇಡ. ಕಣಗಿಲೆ ರಸಾನೂ ವಿಷವೇ, ಅದೂ ಬೇಡ. ಮುಳ್ಳಿನದು ಬೇಡ, ಇವರು ಮುಟ್ಟಿ ಮುಟ್ಟಿ ನಡೆಯೋರು. ಹತ್ತಿಯ ಹಾಗೆ ಹಾರೋ ಬೀಜ ಬೇಡ, ಸೀನಿದರೆ ಹೊಲಿಗೆ ಬಿಚ್ಚುತ್ತೆ.”

“ಅಂಗಾದ್ರೆ ಇನ್ನೇನೈತೆ ಡಾಕ್ಟರಮ್ಮ, ಈ ಮಣ್ಣಲ್ಲಿ?”

“ಅದನ್ನ ನೀನೇ ನೋಡಿ ಹೇಳಬೇಕು. ನನಗೆ ಕಣ್ಣು ಗೊತ್ತು, ಗಿಡ ಗೊತ್ತಿಲ್ಲ.”

ಎಕ್ಕ, ಕಣಗಿಲೆ ಎರಡನ್ನೂ ಕಿತ್ತು ದೂರ ಒಯ್ದು ಸುಟ್ಟೆವು. ಹೊಗೆ ಕಣ್ಣಿಗೆ ತಾಗದಂತೆ ಬಂಡಿಯಣ್ಣ ಟವೆಲು ಸುತ್ತಿಕೊಂಡಿದ್ದ. “ಪಾವಂ, ಬದುಕಿದ್ದವು ಅವೆರಡೇ” ಎಂದ. ಬಯಲು ಮತ್ತೆ ಬರಿದಾಯಿತು.

ಅಲ್ಲಿಂದ ಕೆಲವು ದಿನ ನಾನು ಏನನ್ನೂ ನೆಡಲಿಲ್ಲ. ಮಧ್ಯಾಹ್ನ ಎಲ್ಲರಿಗೂ ಗಂಜಿಯಾದ ಮೇಲೆ ತಲೆಗೆ ಸೆರಗು ಹೊದ್ದು ಗುಡ್ಡ ಹತ್ತುತ್ತಿದ್ದೆ. ಆ ಹೊತ್ತಿನಲ್ಲಿ ಅಲ್ಲಿ ನೆರಳೆಂಬುದೇ ಇಲ್ಲ. ಕಾಲ ಕೆಳಗೆ ಬಿಳಿ, ಕಣ್ಣ ಮುಂದೆ ಬಿಳಿ, ಆಕಾಶವೂ ಕಾದು ಬಿಳಿ. ನಡೆಯುತ್ತಿದ್ದೇನೋ ನಿಂತಿದ್ದೇನೋ ತಿಳಿಯುತ್ತಿರಲಿಲ್ಲ. ಆ ಬಿಳಿಯೊಳಗೆ ಒಂದು ಕಡ್ಡಿ ಹಸಿರು ಕಂಡರೆ ಹೋಗಿ ಕೂತು, ಬೆರಳಲ್ಲಿ ಬುಡ ಕೆದಕಿ ಬೇರು ನೋಡುತ್ತಿದ್ದೆ.

ಆವರಿಕೆ ಇತ್ತು, ಹಳದಿ ಹೂವಿನದು. ಬಿಸಿಲಲ್ಲಿ ನಡೆಯುವವರು ಅದರ ಸೊಪ್ಪನ್ನು ತಲೆಯ ಮೇಲಿಟ್ಟು ಟವೆಲು ಸುತ್ತುತ್ತಾರೆ. ಬಂದರಿಕೆ ಇತ್ತು, ಆಡೂ ತಿನ್ನದ ಅಂಟು ಸೊಪ್ಪಿನ ಪೊದೆ. ಎರಡರಲ್ಲೂ ಹಾಲಿಲ್ಲ, ಮುಳ್ಳಿಲ್ಲ. ಆದರೆ ಬೀಜ ಹಾಕಿ ಅವು ಎದೆಮಟ್ಟ ಬರಲು ವರ್ಷಗಳು ಬೇಕು. ಆಡಿ ಅಷ್ಟು ಕಾಯುವುದಿಲ್ಲ. ಉಳಿದದ್ದೆಲ್ಲ ಹುಲ್ಲು. ಕಲ್ಲಿನ ಸಂದಿಯಲ್ಲಿ, ಬೇರೆ ಯಾವುದೂ ಇಳಿಯದ ಕಡೆ, ಹುಲ್ಲಿನ ಬೇರು ನೂಲಿನಂತೆ ನೇರ ಕೆಳಗೆ ಹೋಗಿತ್ತು. ನಾನು ಎಳೆದೆ. ಅದು ಬರಲಿಲ್ಲ. ಇನ್ನೂ ಬಲವಾಗಿ ಎಳೆದೆ. ಕೈ ಕುಯ್ದಿತೇ ಹೊರತು ಬೇರು ಬಿಡಲಿಲ್ಲ.

ಹಾಗೆ ಕೂತಿದ್ದಾಗ ನನಗೆ ನಮ್ಮೂರಿನ ಹೊಳೆಯ ದಂಡೆ ಕಣ್ಣಿಗೆ ಕಟ್ಟಿತು. ಪ್ರತಿ ಸಲ ಹೊಳೆ ಬಂದಾಗ ದಂಡೆ ಕುಸಿಯುತ್ತಿತ್ತು, ಲಾವಂಚ ಇದ್ದ ಕಡೆ ಮಾತ್ರ ಕುಸಿಯುತ್ತಿರಲಿಲ್ಲ. ತಮಿಳಿನವರು ಅದನ್ನು ವೆಟ್ಟಿವೇರು ಅನ್ನುತ್ತಾರೆ. ಆಳೆತ್ತರದ ಹುಲ್ಲು, ಆಳುದ್ದದ ಬೇರು. ಜಾನುವಾರು ಮುಟ್ಟುವುದಿಲ್ಲ, ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ, ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಸಾಯುವುದಿಲ್ಲ. ಅದು ಹೊಳೆಯ ಹುಲ್ಲು. ಈ ಗುಡ್ಡಕ್ಕೂ ಅದಕ್ಕೂ ಏನು ಸಂಬಂಧ ಎಂದು ಮನಸ್ಸು ಹೇಳುತ್ತಲೇ ಇತ್ತು. ಆದರೂ ಡಾಕ್ಟರಮ್ಮನ ಹತ್ತಿರ ರಜೆ ಕೇಳಿದೆ.

ಸೇಲಂನಲ್ಲಿ ರೈಲು ಹತ್ತಿ ಮೊರಪ್ಪೂರಿನಲ್ಲಿ ಇಳಿದು, ಅಲ್ಲಿಂದ ನಡೆದು ಊರು ಸೇರಿದೆ. ಅಣ್ಣ ತೋಟದಲ್ಲಿ ಸೇವಂತಿಗೆ ಬಿಡಿಸುತ್ತಿದ್ದ. ನನ್ನ ಕೈ ನೋಡಿ, “ಏನವ್ವಾ ಇದು, ಸುಣ್ಣ ತಿಂದಂಗೈತೆ” ಎಂದ. ನಾನು ಬಂದ ಕೆಲಸ ಹೇಳಿದೆ. ಅವನು ಹೂವಿನ ಬುಟ್ಟಿ ಕೆಳಗಿಟ್ಟ.

“ಸತ್ತ ಮಣ್ಣಿಗೆ ಯಾಕೆ ದುಡೀತಿಯಾ? ಇಲ್ಲಿ ಊವು ಬಿಡ್ಸಕ್ಕೆ ಆಳಿಲ್ಲ. ಮನೇಲೇ ಇದ್ಬುಡು. ನಿನ್ ಅತ್ಗೇನೂ ಅದೇ ಏಳ್ತಾಳೆ.”

ಸೇವಂತಿಗೆಯ ಸಾಲಿನ ನಡುವೆ ನೀರು ಹರಿಯುತ್ತಿತ್ತು. ಎಲ್ಲ ಕಡೆ ಕಪ್ಪು ಮಣ್ಣು, ಮೆತ್ತನೆಯದು, ಕಾಲಿಟ್ಟರೆ ಇಳಿಯುವಂಥದು. ಇಲ್ಲೇ ಇದ್ದುಬಿಡಲೇ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಕಪ್ಪು ಕಣ್ಣಿಗೆ ಎಷ್ಟು ಹಿತವಾಗಿತ್ತು ಎಂದರೆ, ಸುಮ್ಮನೆ ಬದುವಿನ ಮೇಲೆ ಕೂತು ನೋಡುತ್ತಾ ಹೊತ್ತು ಕಳೆದೆ. ಕಣ್ಣಿಗೆ ಹಿತ ಅನ್ನಿಸಿದಾಗಲೇ ಆಸ್ಪತ್ರೆಯ ಜಗಲಿಯೂ ನೆನಪಾಯಿತು.

“ಮಣ್ಣು ಸತ್ತಿಲ್ಲಣ್ಣ. ಅದಕ್ಕೆ ಒಂದಿಕೊಳ್ಳೋರು ಬ್ಯಾರೆ” ಎಂದೆ.

ಅಣ್ಣ ಗುದ್ದಲಿ ತಗೊಂಡು ನನ್ನ ಮುಂದೆ ಹೊಳೆಗೆ ನಡೆದ. ಇಬ್ಬರೂ ಸೇರಿ ಗಡ್ಡೆ ಗಡ್ಡೆಯಾಗಿ ಲಾವಂಚ ಕಿತ್ತೆವು. ಬೇರಿನ ವಾಸನೆ ಕೈಗೆಲ್ಲ ಹತ್ತಿ, ಊಟ ಮಾಡುವಾಗ ಅನ್ನವೂ ಅದೇ ವಾಸನೆ. ಒದ್ದೆ ಗೋಣಿಯಲ್ಲಿ ಸುತ್ತಿ, ಅಣ್ಣನೇ ಮೊರಪ್ಪೂರಿನ ತನಕ ಹೊತ್ತು ತಂದು ರೈಲಿಗೇರಿಸಿದ. ರೈಲು ಹೊರಟಾಗ, “ಸಾಯ್ದೆ ಇದ್ರೆ ಸೇದಿ ಕಳ್ಸು” ಎಂದ. ಸೇದಿ ಎಂದರೆ ಸುದ್ದಿ, ನಮ್ಮ ಕಡೆ ಕನ್ನಡದವರೂ ಹಾಗೇ ಅನ್ನುತ್ತೇವೆ. ಯಾರು ಸಾಯದೆ ಇದ್ದರೆ, ನಾನೋ ಹುಲ್ಲೋ, ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈ ಸಲ ಕೆಂಪು ಮಣ್ಣು ತರಿಸಲಿಲ್ಲ. ನೀರಿನ ಬಂಡಿಯ ಎತ್ತಿನ ಒಣ ಸಗಣಿ ಮಾತ್ರ ಪುಡಿ ಮಾಡಿ, ತೋಡಿದ ಬಿಳಿ ಮಣ್ಣಿಗೇ ಕಲಸಿದೆ. ಬೇರು ಮೊದಲ ದಿನದಿಂದಲೇ ಆ ಬಿಳಿಯ ರುಚಿ ನೋಡಲಿ, ಆಮೇಲೆ ಹೆದರುವುದು ಬೇಡ ಎಂಬ ಯೋಚನೆ. ಗಡ್ಡೆಯನ್ನು ಸಣ್ಣ ಸಣ್ಣ ಸೀಳಾಗಿ ಬಿಡಿಸಿ, ಹುಲ್ಲನ್ನು ಗೇಣುದ್ದಕ್ಕೆ ಕತ್ತರಿಸಿ, ಬೇರನ್ನೂ ಬೆರಳುದ್ದಕ್ಕೆ ಕತ್ತರಿಸಿ, ಹಾರೆಯಿಂದ ಮೇಲಿನ ಹೆಂಚನ್ನು ಒಡೆದ ತೂತಿನೊಳಗೆ ಒಂದೊಂದನ್ನೇ ಇಳಿಸಿ ಕಾಲಿನಿಂದ ಅದುಮಿದೆ. ಜಗಲಿಗೆ ಎದುರಾಗಿ ಎರಡು ಸಾಲು. ಎರಡನೆಯ ಸಾಲಿನ ಗಿಡ ಮೊದಲ ಸಾಲಿನ ಸಂದಿಗೆ ಬರುವಂತೆ. ಗಾಳಿ ಒಂದರಲ್ಲಿ ನುಸುಳಿದರೆ ಇನ್ನೊಂದಕ್ಕೆ ಸಿಗಬೇಕು. ಎಕ್ಕ ಇದ್ದ ತೆಂಕಣ ಮೂಲೆಯಲ್ಲಿ ಕಲ್ಲು ಮೇಲೇ ಇತ್ತು, ಹಾರೆ ಕಿಡಿ ಕಾರಿತು. ಅಲ್ಲಿ ಗುಡ್ಡದಿಂದ ತಂದ ಬಂದರಿಕೆ, ಆವರಿಕೆ ಬೀಜ ಚೆಲ್ಲಿ, ಆದಾಗ ಆಗಲಿ ಎಂದು ಬಿಟ್ಟೆ.

ಬಂಡಿಯ ನೀರು ರೋಗಿಗಳಿಗೇ ಸಾಲದು. ಅಕ್ಕಿ ತೊಳೆದ ನೀರು, ಮುಖ ತೊಳೆಸಿದ ನೀರು, ಪಾತ್ರೆ ಅಲುಬಿದ ನೀರು, ಎಲ್ಲವೂ ಆ ಸಾಲಿಗೆ ಹೋಯಿತು. ಬೇಸಿಗೆ ಏರುವ ಮಾಸಿ, ಪಂಗುನಿ ಎರಡೂ ತಿಂಗಳು ಬೇಲಿ ಎಂಬುದು ಬಿಳಿ ನೆಲದಲ್ಲಿ ಚುಚ್ಚಿದ ಕಸಬರಿಕೆ ಕಡ್ಡಿಯಂತಿತ್ತು. ಬೆಳಿಗ್ಗೆ ಎದ್ದು ನೋಡುವೆ, ಸಂಜೆ ನೋಡುವೆ. ಕಣ್ಣು ಮುಚ್ಚಿದರೂ ಕಡ್ಡಿಯ ಸಾಲೇ. ಒಂದು ದಿನ ಬಂಡಿಯಣ್ಣ, “ಪೋಚು ತಂಗಚ್ಚಿ, ಓಯ್ತು” ಎಂದು ಕಡ್ಡಿಯೊಂದನ್ನು ಕೀಳಲು ಹೋದ. ಬರಲಿಲ್ಲ. ಬಗ್ಗಿ ಎರಡು ಕೈ ಹಾಕಿ ಎಳೆದ. ಆಗಲೂ ಬರಲಿಲ್ಲ. ಕಡ್ಡಿ ಬಿಟ್ಟು, ಅದರ ಬುಡದ ಮಣ್ಣನ್ನು ಕಾಲಿನಿಂದ ಅದುಮಿದ.

ಚಿತ್ತಿರೆಯಲ್ಲಿ ಗುಡುಗಿ ಮಳೆ ಬಂತು. ಆಮೇಲೆ ಲಾವಂಚ ಏಳುವುದನ್ನು ಕಣ್ಣಾರೆ ಕಾಣಬಹುದಾಗಿತ್ತು. ಆಡಿಗೆ ಮುಂಚಿನ ಆನಿ ತಿಂಗಳ ಹೊತ್ತಿಗೆ ನನ್ನ ಭುಜ ಮುಟ್ಟಿತು. ತೆನೆ ಹೊಡೆಯುವ ಮೊದಲೇ ತುದಿ ಕುಯ್ದು, ಹಾರುವಂಥದೇನೂ ಇಲ್ಲದಂತೆ ನೋಡಿಕೊಂಡೆ.

ಆಡಿ ಬಂತು. ನನ್ನ ಹತ್ತಿರ ಒಂದು ಕಡುನೀಲಿ ಸೀರೆ ಇತ್ತು. ಬೆಳಿಗ್ಗೆ ಅದನ್ನು ಒದ್ದೆ ಮಾಡಿ ಜಗಲಿಯ ಈ ತುದಿಯಿಂದ ಆ ತುದಿಯ ಕಡೆಗೆ ಹಗ್ಗದ ಮೇಲೆ ಹರಡುವೆ. ಒಣಗಿದ ಮೇಲೆ ನೋಡಿದರೆ ಎಲ್ಲಿ ಎಷ್ಟು ಧೂಳು ಬಂತು ಎಂಬುದು ಬಟ್ಟೆಯ ಮೇಲೇ ಕೂತಿರುತ್ತಿತ್ತು. ತೆಂಕಣ ಮೂಲೆಯ ಕಡೆ ಹಿಟ್ಟು ಜರಡಿ ಹಿಡಿದಂತೆ ಬಿಳಿ. ಬಡಗಣ ತುದಿಗೆ ಸರಿಯುತ್ತಾ ಸರಿಯುತ್ತಾ ನೀಲಿ ನೀಲಿಯಾಗಿಯೇ ಉಳಿದಿತ್ತು.

ಆ ವರ್ಷವೂ ಆಡಿಗೆಂದು ವಾರ್ಡಿಗೆ ಆಗಲೇ ಬೀಗ ಬಿದ್ದಿತ್ತು. ಅಂಥ ದಿನಗಳಲ್ಲೇ ಎಡಪ್ಪಾಡಿಯ ಅಜ್ಜಿಯನ್ನು ಅವಳ ಮಗ ಕರೆತಂದ. ಉಳಿದಿದ್ದ ಒಂದು ಕಣ್ಣು ಕೆಂಪಾಗಿ ಊದಿತ್ತು. ನೋವಿಗೆ ತಲೆ ಗೋಡೆಗೊತ್ತಿ ಕೂತಿದ್ದಳು. ಡಾಕ್ಟರಮ್ಮ ದೀಪ ಹಿಡಿದು ನೋಡಿ, ನನ್ನನ್ನು ಹೊರಗೆ ಕರೆದರು.

“ಪೊರೆ ಊದಿಕೊಂಡಿದೆ. ತೆಗೆಯದಿದ್ದರೆ ಕಣ್ಣೇ ಹೋಗುತ್ತೆ. ಮದ್ರಾಸಿಗೆ ಕಳಿಸುವಷ್ಟು ಹೊತ್ತು ಅದಕ್ಕಿಲ್ಲ. ಇಲ್ಲೇ ತೆಗೆದರೆ ಈ ಗಾಳಿ.” ಬಯಲಿನ ಕಡೆ ತಿರುಗಿ ಕೇಳಿದರು: “ನಿನ್ನ ಬೇಲಿ ತಡೆಯುತ್ತಾ?”

ಯಾರೂ ನನ್ನನ್ನು ಅಂಥ ಪ್ರಶ್ನೆ ಕೇಳಿರಲಿಲ್ಲ. ತಡೆಯುತ್ತದೆ ಎಂದುಬಿಡಬೇಕು ಎಂದು ನಾಲಿಗೆಯ ತುದಿಗೆ ಬಂತು. ಆ ಹುಲ್ಲಿನ ಮೇಲೆ ನನಗೆ ಅಷ್ಟು ಪ್ರೀತಿ ಬೆಳೆದಿತ್ತು. ಬದಲಿಗೆ ಅವರನ್ನು ಸೀರೆಯ ಹತ್ತಿರ ಕರೆದುಕೊಂಡು ಹೋದೆ.

“ಈ ಮೂಲೆ ತಡೆಯಲ್ಲ ಡಾಕ್ಟರಮ್ಮ. ವಾರ್ಡೆಲ್ಲ ಈ ಮೂಲೇಗೇ ಐತೆ. ಆ ತುದಿ ತಡೀತೈತೆ. ಆದ್ರೆ ಅಲ್ಲಿರಾದು ಉಗ್ರಾಣ.”

ಇಬ್ಬರೂ ಸೀರೆಯ ಉದ್ದಕ್ಕೂ ನಡೆದೆವು. ಬಿಳಿಯಿಂದ ಬೂದು, ಬೂದುವಿನಿಂದ ನೀಲಿ. ನೀಲಿಯಾದ ಕಡೆ ಅವರು ನಿಂತರು.

“ಈಗ ಹುಲ್ಲು ಕಿತ್ತು ಆ ಮೂಲೆಗೆ ನೆಟ್ಟರೆ?”

“ಈ ಗಾಳೀಲಿ ಕಿತ್ರೆ ಅಲ್ಲೂ ಇರಲ್ಲ, ಇಲ್ಲೂ ಇರಲ್ಲ. ಬೇಲಿ ವಾರ್ಡ್ ತಾವಕೆ ಬರಾಕಿಲ್ಲ. ನಾವೇ ಬೇಲಿ ತಾವಕೆ ಓಗಾನ.”

ಅವರು ಉಗ್ರಾಣದ ಬೀಗದ ಕೈ ತೆಗೆದು ನನ್ನ ಕೈಗೆ ಕೊಟ್ಟರು.

ಬಂಡಿಯಣ್ಣನೂ ಅಜ್ಜಿಯ ಮಗನೂ ಅಕ್ಕಿ ಮೂಟೆ, ಹಳೆಯ ಮಂಚ ಎಲ್ಲ ಹೊರಗೆ ಸಾಗಿಸಿದರು. ನಾನು ಗೋಡೆ, ನೆಲ, ತೊಲೆ ಎಲ್ಲವನ್ನೂ ಕುದಿನೀರಿನಲ್ಲಿ ಒರೆಸಿದೆ. ಕಿಟಕಿಗೆ ನೀಲಿ ಸೀರೆಯನ್ನೇ ನಾಲ್ಕು ಮಡಿಕೆ ಮಾಡಿ ಒದ್ದೆ ಪರದೆ ಕಟ್ಟಿದೆ. ಕೋಣೆಯೊಳಗೆ ನೀರಿನಡಿಯಂಥ ನೀಲಿ ಬೆಳಕು ತುಂಬಿತು. ಅಲ್ಲೇ ಅಜ್ಜಿಯ ಪೊರೆ ತೆಗೆದರು. ಅಲ್ಲೇ ಮಲಗಿಸಿದರು.

ಪಟ್ಟಿ ಕಟ್ಟಿದ ಮೇಲೆ ಅಜ್ಜಿಗೆ ನೋವು ಇಳಿಯಿತು. ನಾನು ಪಕ್ಕದಲ್ಲಿ ಕೂತು ಪರದೆಗೆ ನೀರು ಚಿಮುಕಿಸುತ್ತಿರುವೆ, ಅವಳು ಮೆಲ್ಲಗೆ ಮಾತಾಡುತ್ತಿರುವಳು. ಬೇಲಿಯ ಮೇಲೆ ಗಾಳಿ ಹಾದಾಗ ಹುಲ್ಲು ಒಂದೇ ಸಮನೆ ಸದ್ದು ಮಾಡುತ್ತಿತ್ತು.

“ಒಳೆ ಬಂದೈತಾ ಕೂಸೆ?”

“ಊಂ ಅಜ್ಜಿ.”

“ಕೆಂಪು ನೀರಾ, ತಿಳಿ ನೀರಾ?”

“ತಿಳೀದು.”

“ಅಂಗಾದ್ರೆ ನೂಲು ತೊಳೀಬೋದು” ಎಂದು, ಮಲಗಿದಲ್ಲೇ ಬೆರಳುಗಳನ್ನು ಗಾಳಿಯಲ್ಲಿ ಅದ್ದಿ ಹಿಂಡುವಳು. ಗಂಡನ ಕಾಲದ ಬಣ್ಣಗಳ ಹೆಸರು ಹೇಳುವಳು: ದಾಳಿಂಬೆ, ಗಿಳಿಹಸಿರು, ಕಾಡಿಗೆ, ನೇರಳೆ. ಆ ನೂಲುಗಳೆಲ್ಲ ನೀರಲ್ಲಿ ಹರಡಿಕೊಂಡು ಹೋಗುವುದನ್ನು ಅವಳು ಕಾಣುತ್ತಿದ್ದಳು. ಅವಳ ಮಾತು ಕೇಳುತ್ತಾ ಕೇಳುತ್ತಾ ನಾನೂ ಕಂಡೆ. ಅದು ಹುಲ್ಲು ಎಂದು ಹೇಳಲು ಮನಸ್ಸಾಗಲಿಲ್ಲ. ಅವಳು ಅಲ್ಲಾಡದೆ ಮಲಗಿರುವಂತೆ ಮಾಡಿದ್ದು ಆ ಹೊಳೆಯೇ.

ಪಟ್ಟಿ ಬಿಚ್ಚುವುದಕ್ಕೆ ಇನ್ನೂ ದಿನಗಳಿದ್ದಾಗ ಆ ವರ್ಷದ ಅತಿ ದೊಡ್ಡ ಗಾಳಿ ಎದ್ದಿತು. ಬೆಳಿಗ್ಗೆ ಗುಡ್ಡ ಕಾಣುತ್ತಿತ್ತು. ಹೊತ್ತೇರುವಷ್ಟರಲ್ಲಿ ಗುಡ್ಡವಿಲ್ಲ, ಬಯಲಿಲ್ಲ, ನೀರಿನ ಬಂಡಿಯೂ ಇಲ್ಲ. ಎಲ್ಲವೂ ಬಿಳಿ. ಬಾಗಿಲು ಸಂದಿಯಿಂದ ನೋಡಿದೆ. ಬೇಲಿಯ ಮೊದಲ ಸಾಲು ಬಗ್ಗಿ ಎರಡನೆಯದರ ಮೇಲೆ ಒರಗುತ್ತಿತ್ತು. ಕೋಣೆಯ ಎದುರಿಗೇ ಒಂದು ಕಡೆ ಸೀಳು ಬಿಡುವ ಹಾಗೆ ಕಂಡಿತು. ಅಜ್ಜಿಯ ಪಕ್ಕದಲ್ಲಿ ಅವಳ ಮಗನನ್ನು ಕೂರಿಸಿ ಹೊರಗೆ ಓಡಿದೆ. ಹಿಂದೆಯೇ ಬಂಡಿಯಣ್ಣ ಬಿದಿರು ಗಳ, ಬಂಡಿಯ ಹಗ್ಗ ಹಿಡಿದು ಬಂದ. ಮಾತಾಡಿದರೆ ಬಾಯಿ ತುಂಬ ಧೂಳು. ಅವನು ಆ ಕಡೆ, ನಾನು ಈ ಕಡೆ, ಹಗ್ಗ ಎಳೆದಾಗಲೇ ಇನ್ನೊಬ್ಬರಿದ್ದಾರೆ ಎಂದು ತಿಳಿಯುತ್ತಿತ್ತು. ಗಳಗಳನ್ನು ಅಡ್ಡ ಕಟ್ಟಿ, ಬಗ್ಗಿದ ಹುಲ್ಲನ್ನು ಎತ್ತಿ ಎತ್ತಿ ಅದಕ್ಕೆ ಬಿಗಿದೆವು. ಹುಲ್ಲಿನ ಅಲಗು ಕೈ ತುಂಬ ಗೆರೆ ಎಳೆಯಿತು. ಬುಡ ಮಾತ್ರ ಒಂದೂ ಅಲುಗಲಿಲ್ಲ. ಕಾಲ ಬೆರಳಿನಿಂದ ಬುಡ ತಡವಿ ತಡವಿ, ಕಣ್ಣು ಮುಚ್ಚಿಕೊಂಡೇ ಕೆಲಸ ಮಾಡಿದೆ. ನನ್ನ ರೋಗಿಗಳು ಹೇಗೆ ನಡೆಯುತ್ತಾರೆಂದು ಆ ಹೊತ್ತಿಗೆ ತಿಳಿಯಿತು.

ಗಾಳಿ ಸೋತ ಮೇಲೆ ತಲೆ, ಹುಬ್ಬು, ರೆಪ್ಪೆಯೆಲ್ಲ ಬೆಳ್ಳಗಾಗಿ ಬಾಗಿಲ ಹೊರಗೇ ನಿಂತೆ. ಹಾಗೇ ಒಳಗೆ ಹೋಗುವಂತಿರಲಿಲ್ಲ. ಡಾಕ್ಟರಮ್ಮ ಒಳಗಿನಿಂದ ಪರದೆಯ ಅಂಚು ಎತ್ತಿ ನೋಡಿ, ಬೆರಳಿನಿಂದ ಸವರಿ, ಆ ಬೆರಳನ್ನು ನನಗೆ ತೋರಿಸಿದರು. ಬೆರಳು ಒದ್ದೆಯಾಗಿತ್ತು, ಅಷ್ಟೇ.

ಪಟ್ಟಿ ಬಿಚ್ಚಿದ್ದು ಸಂಜೆ, ಬೆಳಕು ಮೆತ್ತಗಾದ ಮೇಲೆ. ಕೀವಿಲ್ಲ, ಕೆಂಪಿಲ್ಲ. ಡಾಕ್ಟರಮ್ಮ ದೀಪ ಇಳಿಸಿ ಒಂದು ದೊಡ್ಡ ಉಸಿರು ಬಿಟ್ಟರು. “ದಪ್ಪ ಗಾಜಿನ ಕನ್ನಡಕ ಬರೋ ತನಕ ಎಲ್ಲ ಮಸುಕು ಮಸುಕಾಗಿ ಕಾಣುತ್ತೆ ಅಜ್ಜಿ, ಹೆದರಬೇಡಿ” ಎಂದರು. ಆ ಕೋಣೆಯಲ್ಲಿ ಆ ಆಡಿ ಮುಗಿಯುವುದರೊಳಗೆ ಮತ್ತೆ ಇಬ್ಬರು ಮಲಗಿ ಎದ್ದರು. ಮುಂದಿನ ಮಳೆಗಾಲದಲ್ಲಿ ಬೇಲಿಯನ್ನು ಸೀಳಿ ನಾನು ಇನ್ನೊಂದು ಸಾಲು ಮಾಡಿದೆ. ಆದರೆ ಆ ಸಂಜೆ ನನಗೆ ಅದ್ಯಾವುದೂ ಗೊತ್ತಿರಲಿಲ್ಲ. ಅಜ್ಜಿಯ ತೋಳು ಹಿಡಿದು ಜಗಲಿಗೆ ಕರೆತಂದೆ, ಅಷ್ಟೇ.

ಅವಳು ಮೊದಲು ಹುಲ್ಲನ್ನು ನೋಡಿದಳು. ಆಮೇಲೆ ಅದರ ಮೇಲಿನಿಂದ ಗುಡ್ಡವನ್ನು ನೋಡಿದಳು. ಕಣ್ಣು ಮುಚ್ಚಿಕೊಳ್ಳಲಿಲ್ಲ.

“ಗುಡ್ಡ ಯಾಕೆ ನೀಲಿ ಐತೆ?”

“ಬಿಳೀದು ಅಜ್ಜಿ. ಮಸುಕಿಗೆ ಅಂಗೆ ಕಾಣ್ತೈತೆ.”

“ಬಣ್ಣ ನಂಗೆ ಏಳ್ಕೊಡ್ತಿಯಾ?” ಎಂದು ನಕ್ಕಳು. “ನೀಲಿ. ಒಳಗಿಂದ ದೀಪ ಅಚ್ಚಿದಂಗೆ.”

ಡಾಕ್ಟರಮ್ಮನ ಕಡೆ ನೋಡಿದೆ. ಅವರು ಮೆಲುದನಿಯಲ್ಲಿ ಹೇಳಿದರು: “ಪೊರೆಯ ಜೊತೆ ಕಣ್ಣೊಳಗಿನ ಮಸೂರವೂ ಬಂದುಬಿಡುತ್ತೆ. ಅದಿಲ್ಲದ ಕಣ್ಣಿಗೆ ನಮಗೆ ಕಾಣದ ನೀಲಿ ಕಾಣುತ್ತಂತೆ. ಓದಿದ್ದೆ, ಯಾರೂ ಹೇಳಿದ್ದು ಕೇಳಿರಲಿಲ್ಲ.”

ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ನಿಂತು ಗುಡ್ಡ ನೋಡುತ್ತಲೇ ಇದ್ದಳು. ತುಟಿ ಅಲುಗುತ್ತಿತ್ತು, ಒಂದೊಂದೇ ನೀಲಿಯ ಹೆಸರು ಎತ್ತಿಕೊಂಡು, ಗುಡ್ಡಕ್ಕೆ ಹಿಡಿದು ನೋಡಿ, ಇದಲ್ಲ ಎಂದು ಕೆಳಗಿಡುವಂತಿತ್ತು. ಕೊನೆಗೆ ತಲೆಯಾಡಿಸಿದಳು.

“ಇದಕ್ಕೆ ನಮ್ಮಲ್ಲಿ ಎಸರಿಲ್ಲ ಕೂಸೆ.”

ನಾನು ಅವಳ ಪಕ್ಕದಲ್ಲಿ ನಿಂತು ಗುಡ್ಡದ ಕಡೆ ತಿರುಗಿದೆ. ಹೊತ್ತು ಮುಳುಗುವ ತನಕ ಇಬ್ಬರೂ ಅಲ್ಲೇ ನಿಂತಿದ್ದೆವು.